ಇಷ್ಟೊಂದು ಭಾಷೆ, ಇಷ್ಟೊಂದು ಜಾತಿ, ಜಗಳ ಆಗಲ್ವಾ?

ನಾನು ಕಾಸರಗೋಡಿನವನು, ಅದರಲ್ಲೂ ಸಮಾಜಶಾಸ್ತ್ರ ಓದಿದವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ನೆಂಟರು ಕೇಳುವುದು ಇದನ್ನೇ. "ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ... ಎಲ್ಲ ಒಟ್ಟಿಗೆ ಹೇಗೆ ಇರ್ತೀರಿ?"

ಜಗಳ ಆಗುತ್ತದೆ. ಪೇಟೆಯಲ್ಲಿ ಪೊಲೀಸ್ ಜೀಪು ನಿಲ್ಲುವ ದಿನಗಳೂ ಇವೆ. ಆದರೆ ನೀವು ಕೇಳುತ್ತಿರುವುದು ಉಳಿದ ದಿನಗಳ ಬಗ್ಗೆ, ಅಲ್ವಾ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1893ರಲ್ಲೇ ಒಂದು ಉತ್ತರ ಕೊಟ್ಟಿದ್ದರು. ಹಳೆಯ ಸಣ್ಣ ಸಮಾಜಗಳಲ್ಲಿ ಎಲ್ಲರೂ ಒಂದೇ ಥರ ಇರುವುದರಿಂದ ಜನ ಒಟ್ಟಿಗಿರುತ್ತಾರೆ. ಕೆಲಸ ಹಂಚಿಹೋದ ಕಡೆ, ಬೇರೆ ಬೇರೆ ಆಗಿರುವುದರಿಂದಲೇ ಒಟ್ಟಿಗಿರುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯುವುದಿಲ್ಲ, ಮೈಯ ಅಂಗಗಳ ಹಾಗೆ. ಮುಂದೆ ಇದೇ ದಾರಿ ಹಿಡಿದವರ ವಿಚಾರಕ್ಕೆ ಫಂಕ್ಷನಲಿಸಂ ಅನ್ನುತ್ತಾರೆ.

ನನಗೆ ಇದು ತಲೆಗೆ ಹೋದದ್ದು ಕ್ಲಾಸಿನಲ್ಲಲ್ಲ, ನಮ್ಮೂರ ದೈವದ ನೇಮದಲ್ಲಿ, ಅಂದರೆ ದೈವದ ವೇಷ ಕಟ್ಟಿ ರಾತ್ರಿಯಿಡೀ ನಡೆಸುವ ಆರಾಧನೆಯಲ್ಲಿ. ಒಂದು ವರ್ಷ ದೀಟಿಗೆ (ಬಟ್ಟೆ ಸುತ್ತಿದ ಪಂಜು) ಹಿಡಿಯುವ ಮಡಿವಾಳರು ಬರುವುದು ತಡವಾಯಿತು. ಮುಖಕ್ಕೆ ಬಣ್ಣ ಬಳಿದು, ತೆಂಗಿನ ತಿರಿ (ಎಳೆಗರಿ) ಕಟ್ಟಿಕೊಂಡ ದೈವದ ವೇಷದವರು ಸುಮ್ನೆ ಕೂತಿದ್ದರು. ವಾದ್ಯದವರು ಬೀಡಿ ಹಚ್ಚಿದರು. ಗುತ್ತಿನ, ಅಂದರೆ ಊರಿನ ಹಳೆಯ ಜಮೀನ್ದಾರಿ ಮನೆಯ, ಯಜಮಾನರು ಗೇಟಿಗೂ ನೇಮ ನಡೆಯುವ ಕೊಡಿಯಡಿಗೂ ನಾಲ್ಕು ಸಲ ನಡೆದರು. ಊರಿಗೇ ಅಪ್ಪಣೆ ಕೊಡುವವರು, ಆ ಒಂದು ಗಂಟೆ ಒಂದು ಚಿಂದಿ ಬಟ್ಟೆಯ ಬೆಂಕಿಗೆ ಕಾದರು.

ಮಂಜೇಶ್ವರದ ಹತ್ತಿರ ಉದ್ಯಾವರದಲ್ಲಿ ಇನ್ನೂ ಚೆಂದದ ಕ್ರಮ ಇದೆ. ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮೊದಲು ದೈವದ ಪಾತ್ರಿಗಳು (ಮೈಮೇಲೆ ದೈವ ಬರುವವರು) ಮಸೀದಿಗೇ ಹೋಗಿ ಆಮಂತ್ರಣ ಕೊಡುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಹೇಳಿದ್ದು ಇಲ್ಲಿ ಸರಿಯಾಗಿ ಕೂರುತ್ತದೆ. ಒಂದು ಆಚರಣೆಯಿಂದ ನಾವು ಬಯಸಿದ್ದು ಒಂದು, ನಮಗೇ ಗೊತ್ತಿಲ್ಲದೆ ಆಗುವುದು ಇನ್ನೊಂದು. ಕರೆದದ್ದು ಜಾತ್ರೆಗೆ. ಜೊತೆಗೆ ಎರಡೂ ಕಡೆಯ ಹಿರಿಯರಿಗೆ ಪರಸ್ಪರರ ಮುಖ ಪರಿಚಯ ಆಯಿತು. ಗಾಳಿಸುದ್ದಿ ಹಬ್ಬಿದ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರುವುದು ಸಣ್ಣ ಮಾತಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೆಂಟರಿಗೆ ಖುಷಿ. ನನಗೆ ಅಲ್ಲ. ನೇಮದಲ್ಲಿ ಬೂಳ್ಯ ಅಂತ ಒಂದಿದೆ. ಮನೆತನಗಳ ಹೆಸರು ಕರೆದು ಕೊಡುವ ವೀಳ್ಯದೆಲೆ, ಅಡಿಕೆ, ಅಷ್ಟೇ. ಆದರೆ ಯಾವ ಮನೆತನದ ಹೆಸರು ಮೊದಲು ಕೂಗುತ್ತಾರೆ ಎನ್ನುವುದಕ್ಕೆ ಸಾಲು ಇದೆ. ಆ ಸಾಲು ಊರನ್ನು ಹಿಡಿದು ನಿಲ್ಲಿಸುತ್ತದೆ, ನಿಜ. ಯಾರನ್ನು ಎಲ್ಲಿ ನಿಲ್ಲಿಸುತ್ತದೆ ಅಂತಲೂ ಕೇಳಬೇಕಲ್ಲ? ಕೇರಳದಲ್ಲಿ 1970ರಲ್ಲಿ ಗೇಣಿ ಪದ್ಧತಿ ರದ್ದಾಗಿ ಒಕ್ಕಲುಗಳು ಜಮೀನಿನ ಒಡೆಯರಾದರು. ಗೇಣಿ ಅಕ್ಕಿ ಅಳೆಯುವುದು ನಿಂತಿತು. ನಮ್ಮೂರಲ್ಲಿ ಬೂಳ್ಯದ ಸಾಲು ಮಾತ್ರ ಕದಲಲಿಲ್ಲ. ಒಂದು ವ್ಯವಸ್ಥೆ ನಡೆಯುತ್ತಿದೆ ಅಂದ ಮಾತ್ರಕ್ಕೆ ಅದು ಎಲ್ಲರಿಗೂ ಬೇಕಾಗಿದೆ ಅಂತ ಅಲ್ಲ. ಫಂಕ್ಷನಲಿಸ್ಟರು ಎಡವುವುದು ಜಾಸ್ತಿ ಇಲ್ಲೇ. ಕೆಲವರಿಗೆ ಒಳ್ಳೆಯದಾದದ್ದು ಇನ್ನು ಕೆಲವರಿಗೆ ಕೆಟ್ಟದಾಗಬಹುದು ಅಂತ ಮರ್ಟನ್ ಒಬ್ಬರಾದರೂ ಎಚ್ಚರಿಸಿದ್ದರು.

ನಾನು ಚಿಕ್ಕವನಿದ್ದಾಗ ನೋಡಿದ್ದು ಇದು. ರಾತ್ರಿಯಿಡೀ ಯಜಮಾನರು ಯಾರೆದುರು ಕೈಮುಗಿದು "ತಪ್ಪಾಯಿತು" ಅಂದಿದ್ದರೋ, ಅವರೇ ಬೆಳಿಗ್ಗೆ ಬಣ್ಣ ತೊಳೆದು ಅಂಗಳದ ಆಚೆ ಊಟಕ್ಕೆ ಕಾಯುತ್ತಿದ್ದರು. ಅವರ ಮಗ ಈಗ ಗಲ್ಫಿನಲ್ಲಿದ್ದಾನೆ. ಕೋಲ ಕಟ್ಟಲು (ದೈವದ ವೇಷ ಹಾಕಲು) ಊರಿಗೆ ಬರುವುದಿಲ್ಲ ಅಂದಿದ್ದಾನೆ. ಈ ವರ್ಷ ಯಾರನ್ನು ಕರೆಯುವುದು ಅಂತ ಗುತ್ತಿನ ಮನೆಯಲ್ಲಿ ಎರಡು ಮೀಟಿಂಗ್ ಆಗಿದೆ.