ನಿಮ್ಮೂರಲ್ಲಿ ಕಟ್ಟ ನಡೀತದೆ, ನಮ್ಮಲ್ಲಿ ಯಾಕೆ ಆಗುದಿಲ್ಲ?

ಕಾಸರಗೋಡಿನ ಕಡೆಯವ ಅಂತ ಗೊತ್ತಾದ ಕೂಡ್ಲೆ ಪುತ್ತೂರು, ಸುಳ್ಯದವರಿಂದ ಹಿಡಿದು ಘಟ್ಟದ ಮೇಲಿನವರ ತನಕ ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಿದ ಮೇಲೆ ಉತ್ತರವನ್ನೂ ಅವರೇ ಹೇಳಿಬಿಡ್ತಾರೆ, "ನಿಮ್ಮಲ್ಲಿ ಒಗ್ಗಟ್ಟುಂಟು ಮಾರಾಯ್ರೆ." ಎಂಥ ಒಗ್ಗಟ್ಟು! ಗಡಿಕಲ್ಲಿನ ವಿಷಯಕ್ಕೆ ಕೋರ್ಟು ಹತ್ತಿದವರು, ಮನೆಯ ಮದುವೆಗೆ ಪರಸ್ಪರ ಹೇಳಿಕೆ ಕೊಡದವರು ಒಂದೇ ಕಟ್ಟದ ಪಾಲುದಾರರಾಗಿರ್ತಾರೆ ಇಲ್ಲಿ.

ಗೊತ್ತಿಲ್ಲದವರಿಗೆ ಹೇಳುದಾದ್ರೆ, ಕಟ್ಟ ಅಂದ್ರೆ ಮಳೆಗಾಲ ಕಳೆದ ಮೇಲೆ ತೋಡಿಗೋ (ಸಣ್ಣ ಹಳ್ಳ) ಹೊಳೆಗೋ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ಎರಡು ಸಾಲು ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿಸಿ, ನೀರು ಹಾಕಿ ಕಾಲಲ್ಲಿ ಮೆಟ್ಟಿ ಮೆಟ್ಟಿ ಗಟ್ಟಿ ಮಾಡುದು ಹಳೇ ಕ್ರಮ, ಈಗ ಮರಳಿನ ಚೀಲ, ಸಿಲ್ಪಾಲಿನ್ ಅನ್ನುವ ಪ್ಲಾಸ್ಟಿಕ್ ಶೀಟು, ಜೆಸಿಬಿ ಎಲ್ಲ ಬಂದಿದೆ. ಬೇಗ ಕಟ್ಟಿದ್ರೆ ತುಲಾಮಳೆಗೆ, ಅಂದ್ರೆ ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಗೆ, ಕೊಚ್ಚಿ ಹೋಗ್ತದೆ, ತಡ ಮಾಡಿದ್ರೆ ತಡೆಯಲಿಕ್ಕೆ ನೀರೇ ಇರುದಿಲ್ಲ. ಏತಡ್ಕದಂಥ ಕಡೆ ಒಂದೇ ತೋಡಿಗೆ ಸಾಲಾಗಿ ಕಟ್ಟಗಳುಂಟು, ಕೆಳಗಿನ ಕಟ್ಟದಲ್ಲಿ ನಿಂತ ನೀರು ಮೇಲಿನ ಕಟ್ಟದ ಬುಡ ಮುಟ್ಟಿದ್ರೆ ಚಂದ. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ, ಗುಡ್ಡದ ನೀರು ಸಮುದ್ರಕ್ಕೆ ಓಡಲಿಕ್ಕೆ ಎಷ್ಟು ಹೊತ್ತು ಬೇಕು? 2017ರ ಅಂತರ್ಜಲ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ ಕ್ರಿಟಿಕಲ್ ಪಟ್ಟಿಯಲ್ಲಿತ್ತು, ಅಂದ್ರೆ ಇಂಗುವ ನೀರಿನ ಹತ್ರಹತ್ರ ಅಷ್ಟನ್ನೂ ಮೇಲೆತ್ತಿ ಆಗ್ತಿತ್ತು.

ಈಗ ಪ್ರಶ್ನೆಗೆ ಬರುವ. ಕಟ್ಟ ನಡೀತದೆ ಯಾಕಂದ್ರೆ ಅದು ಪ್ರತಿವರ್ಷ ಹಾಳಾಗ್ತದೆ. ತಮಾಷೆ ಅಲ್ಲ. ಮಳೆಗಾಲದಲ್ಲಿ ಕೊಚ್ಚಿ ಹೋಗ್ತದೆ, ಹಾಗಾಗಿ ಪುನಃ ಕಟ್ಲಿಕ್ಕೆ ಪ್ರತಿವರ್ಷ ಎಲ್ಲರೂ ಒಂದೇ ಜಗಲಿಯಲ್ಲಿ ಕೂರಲೇಬೇಕು, ಮೇಲಿನ ತೋಟದವನಿಗೆ ಕೆಳಗಿನವನ ಆಳು, ದುಡ್ಡು ಎರಡೂ ಬೇಕು, ಹಾಗಾಗಿ ಕಳೆದ ಬೇಸಿಗೆಯಲ್ಲಿ ರಾತ್ರಿ ಕದ್ದು ಪಂಪ್ ಹಾಕಿದವನಿಗೆ ಈಗ ನಾಲ್ಕು ಜನರ ಎದುರು ತಲೆ ತಗ್ಗಿಸದೆ ಗತಿ ಇಲ್ಲ.

ಇದು ನನ್ನ ಸ್ವಂತ ಪಾಂಡಿತ್ಯ ಅಲ್ಲ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅಂತ ಒಬ್ಬ ವಿಜ್ಞಾನಿ, ಎಲ್ಲರ ಹುಲ್ಲುಗಾವಲು ಅಂದ್ರೆ ಎಲ್ಲರೂ ಸೇರಿ ಹಾಳು ಮಾಡುವ ಹುಲ್ಲುಗಾವಲು, ಸರ್ಕಾರ ಹಿಡೀಬೇಕು ಇಲ್ಲ ಖಾಸಗಿ ಆಗ್ಬೇಕು ಅಂತ ಬರೆದ. ಎಲಿನಾರ್ ಆಸ್ಟ್ರಮ್ ಅದನ್ನು ಒಪ್ಪದೆ ಊರೂರಿನ ಕಾಡು, ನೀರು, ಮೀನಿನ ಲೆಕ್ಕ ತೆಗೆದ್ರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರ ನೇಪಾಳದ ಅಧ್ಯಯನ ನನಗೆ ಬಾರೀ ಇಷ್ಟ. ರೈತರೇ ಕಲ್ಲು, ಮಣ್ಣು, ಮರದ ಕೊಂಬೆ ಹಾಕಿ ಮಾಡಿದ ಒಡ್ಡುಗಳಿಂದ ಕಾಲುವೆಯ ಬಾಲದ ತನಕ ನೀರು ಹೋಗ್ತಿತ್ತಂತೆ, ಹೊರಗಿನ ದುಡ್ಡಲ್ಲಿ ಕಾಂಕ್ರೀಟ್ ಒಡ್ಡು ಬಂದ ಕಡೆ ಬಾಲದವರಿಗೆ ಕಮ್ಮಿ. ರಿಪೇರಿಗೆ ಕೆಳಗಿನವರು ಬೇಡ ಅಂತಾದ ಮೇಲೆ ಮೇಲಿನವರಿಗೆ ಅವರ ನೆನಪು ಯಾಕೆ ಬರ್ತದೆ ಹೇಳಿ.

ನಮ್ಮಲ್ಲಿ ಕಿಂಡಿ ಅಣೆಕಟ್ಟು ನೋಡಿ, ಕಾಂಕ್ರೀಟ್ ಕಂಬಗಳ ನಡುವಿನ ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುವಂಥದ್ದು. ಉದ್ಘಾಟನೆ, ಫಲಕ, ಹಾರ ಎಲ್ಲ ಸರಿ, ಆದ್ರೆ ಡಿಸೆಂಬರಲ್ಲಿ ಹಲಗೆ ಹಾಕುವವ ಯಾರು? ಪಂಚಾಯತು ಅಂತ ಇವರು, ಫಲಾನುಭವಿಗಳು ಅಂತ ಅವರು, ಅಷ್ಟೊತ್ತಿಗೆ ಹಲಗೆಗೆ ಗೆದ್ದಲು. ಕಾಂಕ್ರೀಟೇ ಬೇಡ ಅಂತಲ್ಲ ನಾನು ಹೇಳುದು. ಮಣ್ಣು ಮೆಟ್ಲಿಕ್ಕೆ ಜನ ಎಲ್ಲಿಂದ ತರುದು, ಮಕ್ಕಳೆಲ್ಲ ಬೆಂಗಳೂರು, ದುಬೈ. ಆದ್ರೆ ಹಲಗೆ ಯಾರದ್ದು, ಕೀಲಿಕೈ ಯಾರ ಮನೆಯಲ್ಲಿ ಅಂತ ಸಿಮೆಂಟು ಬರುವ ಮೊದಲೇ ತೀರ್ಮಾನ ಆಗಿರ್ಬೇಕು.

ಪಾಲು ಹಾಕುವಾಗ ನಿಜವಾದ ಜಗಳ. ಎಕ್ರೆಗೆ ಇಷ್ಟು ಅಂತಲಾ, ಪಂಪಿನ ಎಚ್‌ಪಿಗೆ ಇಷ್ಟು ಅಂತಲಾ? ತೋಡಿಗೆ ಪಂಪೇ ಇಡದ, ಆದ್ರೆ ಕಟ್ಟದಿಂದಾಗಿ ಬಾವಿಯಲ್ಲಿ ಏಪ್ರಿಲಲ್ಲೂ ನೀರಿರುವವ ಕೊಡ್ಬೇಕಾ? "ನನ್ನ ಬಾವಿಗೆ ಅಜ್ಜನ ಕಾಲದಿಂದ ನೀರುಂಟು" ಅಂತಾನೆ ಅವ. ಇಂಥ ಜಗಳ ಆಗುವಲ್ಲಿ ಕಟ್ಟ ಉಳೀತದೆ ಅಂತ ನನ್ನ ಅಂದಾಜು, ಯಾರೂ ಮಾತಾಡದೆ ಚಾ ಕುಡಿದು ಎದ್ದ ಸಭೆಯ ಕಟ್ಟ ಮಾತ್ರ ಮರುವರ್ಷ ಏಳುದಿಲ್ಲ. ತಪ್ಪಿದವನಿಗೆ ಶಿಕ್ಷೆಯೂ ಸಣ್ಣದೇ ಸಾಕು, ಮೊದಲ ಸಲ ಬೈಗುಳ, ಪುನಃ ಮಾಡಿದ್ರೆ ದಂಡ, ಆಸ್ಟ್ರಮ್ ಕೂಡ ಹೀಗೇ ಹಂತ ಹಂತದ ಶಿಕ್ಷೆ ಇರುವ ಕಡೆ ವ್ಯವಸ್ಥೆ ಬಾಳಿಕೆ ಬಂದದ್ದನ್ನು ನೋಡಿದ್ದಾರೆ.

ಇದನ್ನೆಲ್ಲ ಕೆಡಿಸುದು ಬೋರ್‌ವೆಲ್. ಆರುನೂರು ಅಡಿ ಕೊರೆದವನಿಗೆ ನೆರೆಕರೆಯವರ ಹಂಗಿಲ್ಲ, ಸಭೆಗೂ ಬರುದಿಲ್ಲ. ಮಹಾರಾಷ್ಟ್ರದ ಹಿವರೆ ಬಜಾರಿನವರು ನೀರಾವರಿಗೆ ಬೋರ್ ಕೊರೆಯುದನ್ನೇ ನಿಲ್ಲಿಸಿದ್ರು, ಇದ್ದ ನೀರಿನ ಬಜೆಟ್ ಗ್ರಾಮಸಭೆಯಲ್ಲಿ ಓದಿ ಆಮೇಲೆ ಬೆಳೆ ನಿಶ್ಚಯ ಮಾಡ್ತಾರೆ. ನಮ್ಮ ಅಡಿಕೆಯವರು ಇದಕ್ಕೆ ಒಪ್ಪುವುದು ಸಂಶಯ, ಅಡಿಕೆ ಮರವನ್ನು ಒಂದು ವರ್ಷ ರಜೆಯಲ್ಲಿ ಕೂರಿಸ್ಲಿಕ್ಕೆ ಆಗುದಿಲ್ಲವಲ್ಲ.

ಹಾಗಾಗಿ ನಿಮ್ಮಲ್ಲಿ ಶುರು ಮಾಡುದಿದ್ರೆ ದೊಡ್ಡ ಹೊಳೆಗೆ ಕೈ ಹಾಕ್ಬೇಡಿ, ಹತ್ತು ಮನೆಯ ಸಣ್ಣ ತೋಡು ಹಿಡೀರಿ. ಅನುದಾನಕ್ಕೆ ಅರ್ಜಿ ಬರೆಯುವ ಮೊದಲು ತೋಡಿನ ಎಲ್ಲರಿಂದ ಕೆಳಗಿನ ಮನೆಗೆ ಹೋಗಿ ಬನ್ನಿ, ನೀರು ತಮಗೆ ಬಂದ್ ಆಗ್ತದಾ ಅಂತ ಹೆದರುವವರು ಅವರೇ. ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ ಇರ್ಲಿ.