ಸೆನ್ಸಿಟಿವ್ ಸ್ಕಿನ್ ಮೇಲೆ ಅಡಾಪಲೀನ್: ದೀಪಾವಳಿಯಿಂದ ಮಳೆಗಾಲದವರೆಗೆ ನನ್ನ ಲಾಗ್

ನನ್ನ ಚರ್ಮ ಎಂಥದ್ದು ಅಂತ ಮೊದಲೇ ಹೇಳ್ಬಿಡ್ತೀನಿ, ಅದು ಗೊತ್ತಿದ್ರೇನೇ ಕೆಳಗೆ ಬರೆದಿರೋದು ನಿಮಗೆ ಆಗಿಬರತ್ತಾ ಇಲ್ವಾ ಅಂತ ಲೆಕ್ಕ ಹಾಕೋಕಾಗೋದು. ಕಂದು ಬಣ್ಣ, ಚಿಕ್ಕವಳಿದ್ದಾಗ ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ ಇತ್ತು, ಈಗ್ಲೂ ಸೆಂಟ್ ಇರೋ ಕ್ರೀಮ್ ಹಚ್ಚಿದ್ರೆ ಕೆನ್ನೆ ಕೆಂಪಾಗಿ ಉರಿಯತ್ತೆ, ಗದ್ದದ ಮೇಲೆ ದವಡೆ ಉದ್ದಕ್ಕೂ ಮೊಡವೆ ಏಳತ್ತೆ, ಮೊಡವೆ ಹೋದ್ರೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗಲ್ಲ. ಬೆಂಗಳೂರಲ್ಲಿ ಕೆಲಸ, ಸ್ಕೂಟರ್ ಓಡಾಟ, ಮನೆಗೆ ಬೋರ್‌ವೆಲ್ ನೀರು.

ಸ್ಕಿನ್ ಡಾಕ್ಟರ್ ಮೇಡಂ ಮೊಡವೆಗೆ ಹಚ್ಚೋ 0.1% ಅಡಾಪಲೀನ್ ಜೆಲ್ ಬರೆದುಕೊಟ್ರು. ಅದೇ ಗುಂಪಿನ ಇನ್ನೂ ಜೋರಾದ ಔಷಧಿ ಟ್ರೆಟಿನಾಯಿನ್ ಯಾಕೆ ಬೇಡ ಅಂತ ಕೇಳಿದ್ದಕ್ಕೆ ಅವರು ಹೇಳಿದ ಒಂದು ಮಾತಿನ ಮೇಲೇ ಈ ಇಡೀ ಲಾಗ್ ನಿಂತಿದೆ: ನಮ್ಮಂಥ ಕಂದು ಚರ್ಮದಲ್ಲಿ ಉರಿ ಬಂದು ಕೆಂಪಾದ ಜಾಗ ಆಮೇಲೆ ಕಪ್ಪಾಗತ್ತೆ. ಕಲೆ ಹೋಗ್ಲಿ ಅಂತ ಹಚ್ಚೋ ಔಷಧಿಯೇ ಉರಿಸಿ ಹೊಸ ಕಲೆ ಮಾಡಿದ್ರೆ ಏನು ಬಂತು? "ಉರಿದಷ್ಟೂ ಕೆಲಸ ಮಾಡ್ತಿದೆ" ಅನ್ನೋ ಮಾತು ತುಂಬಾ ಕಡೆ ಓದಿದೀನಿ, ಅದನ್ನ ಯಾರೂ ನಂಬಬೇಡಿ ಅಂತ ಕೈ ಮುಗಿದು ಕೇಳ್ತೀನಿ.

ದೀಪಾವಳಿ ಆದ್ಮೇಲೆ

ಜೆಲ್ ತಂದು ಕಪಾಟಲ್ಲಿ ಇಟ್ಟೆ, ಹಚ್ಚಲಿಲ್ಲ. ಮೊದಲು ಚರ್ಮದ ಹೊರಪದರ ಗಟ್ಟಿಯಾಗ್ಲಿ ಅಂತ ಸುಮಾರು ಒಂದು ತಿಂಗಳು ಬರೀ ಫೇಸ್ ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಸೋಪು ಬಿಟ್ಟೆ, ಮೈಗೆ ಹಚ್ಚೋ ಮಾಮೂಲಿ ಸೋಪಿನ ಪಿಎಚ್ (ಹುಳಿನಾ ಕ್ಷಾರನಾ ಅಂತ ಹೇಳೋ ಅಳತೆ, ಕಮ್ಮಿ ಇದ್ದಷ್ಟೂ ಹುಳಿ) 9ರಿಂದ 10ರವರೆಗೆ ಇರತ್ತೆ, ಮುಖದ ಚರ್ಮದ್ದು 5ರ ಆಸುಪಾಸು, ದಿನಾ ಎರಡು ಸಲ ಹಾಗೆ ಎಳೆದಾಡಿದ್ರೆ ಅದು ಚೇತರಿಸಿಕೊಳ್ಳೋದು ಯಾವಾಗ. ನಿಂಬೆರಸ ಅಂತೂ ಇನ್ನೊಂದು ತುದಿ, ಪಿಎಚ್ 2ರ ಹತ್ರ, ಜೊತೆಗೆ ಅದನ್ನ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟ ಹಾಗೆ ಕಪ್ಪಾಗತ್ತೆ. ಅಮ್ಮ "ಕಡ್ಲೆಹಿಟ್ಟು ಹಚ್ಕೊಂಡೇ ಬೆಳೆದೋರು ನಾವು" ಅಂದ್ರು. ಅವರ ಚರ್ಮಕ್ಕೆ ಅದು ಒಗ್ಗಿದೆ, ನನ್ನ ಕೆನ್ನೆಗೆ ಆ ತರಿತರಿ ತಿಕ್ಕೋದೇ ಆಗಲ್ಲ.

ಬೋರ್ ನೀರಿನ ವಿಷಯ ಯಾರೂ ಹೆಚ್ಚು ಮಾತಾಡಲ್ಲ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಚರ್ಮದ ಮೇಲೆ ಅಂಟಾಗಿ ಉಳಿಯತ್ತೆ, ಬಕೆಟ್ ಅಂಚಲ್ಲಿ ಬಿಳಿ ಕಟ್ಟತ್ತಲ್ಲ ಅಂಥ ನೀರೇ ಅದು. ಈಗ ಬೆಳಿಗ್ಗೆ ಬರೀ ನೀರಲ್ಲಿ ಮುಖ ತೊಳೀತೀನಿ, ರಾತ್ರಿ ನೊರೆ ಕಮ್ಮಿ ಇರೋ ಫೇಸ್ ವಾಶ್ ಹಾಕಿ ಕೊನೆಗೆ ಒಂದು ಮಗ್ ಫಿಲ್ಟರ್ ನೀರು ಎರಚ್ಕೊಳ್ತೀನಿ. ಇಷ್ಟಕ್ಕೇ ಕೆನ್ನೆ ಬಿಗಿಯೋದು ಅರ್ಧ ಕಮ್ಮಿ ಆಯ್ತು.

ಮಾಯಿಶ್ಚರೈಸರ್ ಆರಿಸುವಾಗ ಹಿಂದಗಡೆ ಲೇಬಲ್ ಓದಿ ತಗೊಂಡೆ: ಗ್ಲಿಸರಿನ್, ಸೆರಮೈಡ್, ಕೊಲೆಸ್ಟೆರಾಲ್ ಇರ್ಬೇಕು, ಪರ್ಫ್ಯೂಮ್ ಇರಬಾರದು, ಲ್ಯಾವೆಂಡರ್, ಸಿಟ್ರಸ್ ಥರದ ಎಸೆನ್ಷಿಯಲ್ ಆಯಿಲ್ ಇರಬಾರದು. ಸೆರಮೈಡ್, ಕೊಲೆಸ್ಟೆರಾಲ್, ಫ್ಯಾಟಿ ಆಸಿಡ್ ಈ ಮೂರೂ ಚರ್ಮದ ಹೊರಪದರದ ಜೀವಕೋಶಗಳ ಮಧ್ಯೆ ಇರೋ ಜಿಡ್ಡು, ಅದು ಕಮ್ಮಿ ಆದಾಗಲೇ ಒಳಗಿನ ನೀರು ಹೊರಗೆ ಹೋಗೋದು, ಹೊರಗಿನದು ಒಳಗೆ ಹೋಗಿ ಉರಿಯೋದು.

ಡಿಸೆಂಬರ್

ಕಿವಿ ಹಿಂದೆ ಒಂದಿಷ್ಟು ದಿನ ಹಚ್ಚಿ ನೋಡಿದೆ, ಆಮೇಲೆ ದವಡೆ ಕೆಳಗೆ ಒಂದು ಚೂರು. ಏನೂ ಆಗ್ಲಿಲ್ಲ, ಮುಖಕ್ಕೆ ಶುರು ಮಾಡಿದೆ.

ಕ್ರಮ ಹೀಗೆ. ರಾತ್ರಿ ಮುಖ ತೊಳೆದು ಪೂರ್ತಿ ಒಣಗೋಕೆ ಬಿಡ್ತೀನಿ, ಒದ್ದೆ ಚರ್ಮದ ಮೇಲೆ ಹಚ್ಚಿದ್ರೆ ಜಾಸ್ತಿ ಒಳಗೆ ಇಳಿದು ಕೆರಳಿಸತ್ತೆ. ಮೂಗಿನ ಪಕ್ಕದ ಗೆರೆ, ತುಟಿ ಅಂಚು, ಕಣ್ಣಿನ ಮೂಲೆ ಇಷ್ಟಕ್ಕೂ ಪೆಟ್ರೋಲಿಯಂ ಜೆಲ್ಲಿ ಸವರ್ತೀನಿ, ಜೆಲ್ ಜಾರಿ ಅಲ್ಲಿಗೆ ಹೋಗಿ ಸೇರ್ಕೊಳ್ಳತ್ತೆ ಅದಕ್ಕೆ. ಆಮೇಲೆ ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು ಜೆಲ್. ಮೊಡವೆ ಮೇಲೆ ಮಾತ್ರ ಬೊಟ್ಟಿಟ್ಟ ಹಾಗೆ ಹಚ್ಚೋರಿದಾರೆ, ಅಡಾಪಲೀನ್ ಕೆಲಸ ಮಾಡೋದು ಇನ್ನೂ ಕಣ್ಣಿಗೆ ಕಾಣದೆ ರಂಧ್ರದೊಳಗೆ ಕಟ್ಕೊಳ್ತಿರೋ ಮೊಡವೆ ಮೇಲೆ, ಹಾಗಾಗಿ ಮೊಡವೆ ಬರೋ ಜಾಗಕ್ಕೆಲ್ಲಾ ಹಚ್ಚಬೇಕು. ಶುರುವಿನಲ್ಲಿ ಅರ್ಧ ಗಂಟೆ ಬಿಟ್ಟು ತೊಳೀತಿದ್ದೆ. ವಾರಕ್ಕೆ ಎರಡೇ ರಾತ್ರಿ.

ರೆಟಿನಾಲ್, ರೆಟಿನಾಲ್ಡಿಹೈಡ್, ಟ್ರೆಟಿನಾಯಿನ್, ಅಡಾಪಲೀನ್ ಎಲ್ಲಾ ಒಂದೇನಾ ಅಂತ ಅಕ್ಕ ಕೇಳಿದ್ಲು, ಇಲ್ಲೂ ಹಾಕ್ಬಿಡ್ತೀನಿ. ಎಲ್ಲಾ ವಿಟಮಿನ್ ಎ ಕೆಲಸ ಮಾಡೋ ಗುಂಪಿಗೇ ಸೇರಿದವು, ಆ ಗುಂಪಿಗೆ ರೆಟಿನಾಯ್ಡ್ ಅಂತಾರೆ. ರೆಟಿನಾಲ್ ಚರ್ಮದೊಳಗೆ ಮೊದಲು ರೆಟಿನಾಲ್ಡಿಹೈಡ್ ಆಗಿ ಆಮೇಲೆ ರೆಟಿನೋಯಿಕ್ ಆಸಿಡ್ ಆಗ್ಬೇಕು, ಅಷ್ಟು ದೂರ ಬರೋದ್ರೊಳಗೆ ಬಲ ಕಮ್ಮಿ ಆಗಿರತ್ತೆ. ಟ್ರೆಟಿನಾಯಿನ್ ಅಂದ್ರೆ ನೇರ ಆ ರೆಟಿನೋಯಿಕ್ ಆಸಿಡ್ಡೇ, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಆಲ್ಬರ್ಟ್ ಕ್ಲಿಗ್ಮನ್ ಮತ್ತೆ ಜೇಮ್ಸ್ ಫುಲ್ಟನ್ ಅದನ್ನ ಮೊಡವೆಗೆ ತಂದೋರು, ಅಮೆರಿಕದಲ್ಲಿ 1971ರಲ್ಲಿ ಒಪ್ಪಿಗೆ ಸಿಕ್ತು, ಉರಿ ಮತ್ತೆ ಸಿಪ್ಪೆ ಅನ್ನೋದು ಆಗಿನಿಂದಲೂ ಅದರ ಬೆನ್ನಿಗೇ ಇದೆ. ಅಡಾಪಲೀನ್ ಲ್ಯಾಬಲ್ಲಿ ಬೇರೆ ಆಕಾರದಲ್ಲಿ ಕಟ್ಟಿದ್ದು, ರೆಟಿನಾಯ್ಡ್ ರಿಸೆಪ್ಟರ್‌ಗಳಲ್ಲಿ (ಜೀವಕೋಶದೊಳಗೆ ಈ ಔಷಧಿ ಹೋಗಿ ಅಂಟ್ಕೊಳ್ಳೋ ಜಾಗಗಳು) ಕೆಲವನ್ನ ಮಾತ್ರ ಆರಿಸಿ ಹಿಡಿಯತ್ತೆ, ಕೆರಳಿಸೋದು ಕಮ್ಮಿ, ಬೆಳಕಿಗೆ ಬೇಗ ಕೆಡಲ್ಲ. ಅಮೆರಿಕದಲ್ಲಿ 2016ರಿಂದ 0.1% ಜೆಲ್ ಚೀಟಿ ಇಲ್ದೇ ಸಿಗತ್ತೆ, ಇಲ್ಲಿ ಡಾಕ್ಟರ್ ನೋಡಿ ಬರೆದುಕೊಟ್ಟ ಮೇಲೇ ತಗೊಳ್ಳಿ.

ಸಂಕ್ರಾಂತಿ ಹೊತ್ತಿಗೆ

ಚಳಿ ಗಾಳಿ ಒಣಗಿಸಿಬಿಡ್ತು. ಬಾಯಿ ಸುತ್ತ ಸಿಪ್ಪೆ ಏಳೋಕೆ ಶುರು, ಮಾಯಿಶ್ಚರೈಸರ್ ಹಚ್ಚಿದ್ರೂ ಚುರ್ ಅನ್ನೋದು. ದಿನಾ ಹಚ್ಚೋ ಸಾದಾ ಮಾಯಿಶ್ಚರೈಸರ್ ಉರಿಯೋಕೆ ಶುರುವಾದ್ರೆ ಅದೇ ನನಗೆ ಕೆಂಪು ದೀಪ. ಜೆಲ್ ಪೂರ್ತಿ ನಿಲ್ಲಿಸಿ ರಾತ್ರಿ ಮಾಯಿಶ್ಚರೈಸರ್ ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರ್ಕೊಂಡು ಮಲಗ್ತಿದ್ದೆ, ಚರ್ಮದಿಂದ ನೀರು ಆರಿಹೋಗೋದನ್ನ ತಡೆಯೋದ್ರಲ್ಲಿ ಅಷ್ಟು ಅಗ್ಗದ್ದು, ಅಷ್ಟು ಚೆನ್ನಾಗಿರೋದು ಬೇರೆ ಇಲ್ಲ. ಉರಿ ನಿಂತ್ಮೇಲೆ ಮತ್ತೆ ವಾರಕ್ಕೆ ಒಂದು ರಾತ್ರಿಯಿಂದ. ಮಧ್ಯೆ ನಿಲ್ಲಿಸಿದ್ರೆ ಮಾಡಿದ್ದೆಲ್ಲಾ ಹೋಯ್ತು ಅಂತ ಹೆದರೋರು ತುಂಬಾ ಜನ ಇದಾರೆ, ಹಾಗೇನೂ ಹೋಗಲ್ಲ.

ಸಿಪ್ಪೆ ಬಗ್ಗೆ ಇನ್ನೊಂದು ಗಮನಿಸಿ. ಹುಬ್ಬಿನ ಒಳಗೆ, ಮೂಗಿನ ಪಕ್ಕ ಜಿಡ್ಡುಜಿಡ್ಡಾಗಿ ಹಳದಿ ಹೊಟ್ಟು ಬರ್ತಿದ್ರೆ, ತಲೆಯಲ್ಲೂ ಹೊಟ್ಟಿದ್ರೆ, ಅದು ರೆಟಿನಾಯ್ಡ್ ಸಿಪ್ಪೆ ಆಗಿರದೆ ಸೆಬೋರಿಕ್ ಡರ್ಮಟೈಟಿಸ್ ಇರಬಹುದು. ಅದಕ್ಕೆ ಔಷಧಿಯೇ ಬೇರೆ, ಎಷ್ಟು ಕ್ರೀಮ್ ಬಳಿದ್ರೂ ಹೋಗಲ್ಲ, ತೋರಿಸ್ಕೊಳ್ಳಿ.

ಫೆಬ್ರವರಿ

ಗದ್ದದ ಮೇಲೆ ಸಣ್ಣಸಣ್ಣ ಮೊಡವೆ ಒಟ್ಟಿಗೆ ಎದ್ವು. ಒಳಗೆ ಕಟ್ಕೊಂಡಿದ್ದು ಬೇಗ ಮೇಲೆ ಬರ್ತಿದೆ ಅಂದ್ರು ಡಾಕ್ಟರ್. ನನಗೆ ಅವರು ಹೇಳಿಕೊಟ್ಟ ಗುರುತು: ಯಾವಾಗ್ಲೂ ಮೊಡವೆ ಬರೋ ಜಾಗದಲ್ಲೇ ಬಂದು ಬೇಗ ಒಣಗಿದ್ರೆ ಕಾಯಬಹುದು, ಯಾವತ್ತೂ ಬರದ ಕಡೆ, ಹಣೆ ಅಂಚಲ್ಲೋ ಕುತ್ತಿಗೆಯಲ್ಲೋ ತುರಿಸೋ ಗುಳ್ಳೆ ಬಂದ್ರೆ ಯಾವುದೋ ಒಂದು ಪ್ರಾಡಕ್ಟ್ ಒಗ್ತಿಲ್ಲ ಅಂತ. ನನ್ನದು ಮೊದಲನೇ ಥರದ್ದು. ಫಲ ನೋಡೋಕೆ 12 ವಾರ ಬೇಕು, ಇನ್ನೂ ಆಗಿಲ್ಲ ಅಂತ ಅಕ್ಕ ದಿನಾ ನೆನಪು ಮಾಡ್ತಿದ್ಲು, ಅದೊಂದು ದೊಡ್ಡ ಸಹಾಯ.

ಯುಗಾದಿ ಆಜುಬಾಜು, ಮದುವೆ ಮನೆ

ಚಿಕ್ಕಮ್ಮನ ಮಗಳ ಮದುವೆ ದಾವಣಗೆರೆಯಲ್ಲಿ. ಈ ಎಂಟ್ರಿ ಉದ್ದ ಆಗತ್ತೆ, ಎಲ್ಲಕ್ಕಿಂತ ಜಾಸ್ತಿ ಹೇಳ್ಬೇಕಾದ್ದು ಇಲ್ಲೇ ಇದೆ.

ಮೊದಲು ಪಾರ್ಲರ್. ರೆಟಿನಾಯ್ಡ್ ಹಚ್ಚೋ ಮುಖಕ್ಕೆ ವ್ಯಾಕ್ಸ್ ಹಾಕಿ ಎಳೆದ್ರೆ ಕೂದಲ ಜೊತೆ ಚರ್ಮದ ಪದರಾನೂ ಕಿತ್ಕೊಂಡು ಬರಬಹುದು, ಹಸಿಗಾಯ ಆಗತ್ತೆ, ಆಮೇಲೆ ಮೇಲ್ದುಟಿ ಮೇಲೆ ಮೀಸೆ ಥರ ಕಪ್ಪು ಪಟ್ಟಿ. ಅದಕ್ಕೇ ಒಂದು ವಾರ ಮುಂಚೆಯೇ ಜೆಲ್ ನಿಲ್ಲಿಸಿದ್ದೆ, ಹೋಗಿ ಕೂತ ತಕ್ಷಣ "ವ್ಯಾಕ್ಸ್ ಬೇಡ, ಬ್ಲೀಚ್ ಬೇಡ, ಸ್ಕ್ರಬ್ ಬೇಡ, ಬರೀ ಥ್ರೆಡಿಂಗ್" ಅಂದೆ. ನೀವು ಏನು ಹಚ್ತಿದೀರಿ ಅಂತ ಪಾರ್ಲರ್‌ನೋರಿಗೆ ಬಾಯಿಬಿಟ್ಟು ಹೇಳಿ, ಅವರಿಗೆ ಗೊತ್ತಾಗೋದು ಹೇಗೆ.

ಅರಿಶಿನ ಶಾಸ್ತ್ರದ ದಿನ ಅತ್ತೆ ಬಟ್ಟಲು ಹಿಡ್ಕೊಂಡು ಬಂದು "ಏನೇ, ಮದುವೆ ಮನೇಲಿ ಅರಿಶಿನ ಬೇಡ ಅಂತೀಯಾ?" ಅಂದ್ರು. ಕೈಗೆ ಕಾಲಿಗೆ ಹಚ್ಚಿ ಅತ್ತೆ, ಮುಖಕ್ಕೆ ಕೆನ್ನೆ ಮೇಲೊಂದು ಬೊಟ್ಟು ಸಾಕು, ಡಾಕ್ಟರ್ ಔಷಧಿ ನಡೀತಿದೆ ಅಂದೆ. ಒಪ್ಕೊಂಡ್ರು, ಬೇಜಾರೂ ಮಾಡ್ಕೊಳ್ಲಿಲ್ಲ.

ಮದುಮಗಳಿಗೆ ನನ್ನ ಜೆಲ್ ನೋಡಿ ತಾನೂ ಹಚ್ಚಬೇಕು ಅಂತ ಆಸೆ ಆಯ್ತು. ಮದುವೆ ಆದ್ಮೇಲೆ ಮಗು ಬೇಗ ಬೇಕು ಅಂತಿದ್ರೆ ಯಾವ ರೆಟಿನಾಯ್ಡೂ ಮುಟ್ಟಬೇಡ, ಅಂಗಡಿಯಲ್ಲಿ ಸಿಗೋ ರೆಟಿನಾಲ್ ಸೀರಮ್ ಕೂಡ ಬೇಡ ಅಂದೆ. ಇದೇ ಗುಂಪಿನ ನುಂಗೋ ಐಸೋಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯಲ್ಲಿರೋ ಮಗುವಿಗೆ ದೊಡ್ಡ ಊನ ಮಾಡತ್ತೆ, ಹಚ್ಚೋದು ರಕ್ತಕ್ಕೆ ಸೇರೋದು ತೀರಾ ಕಮ್ಮಿ ಆದ್ರೂ ಗರ್ಭಿಣಿಯರಿಗೆ ಯಾವ ಡಾಕ್ಟರೂ ಹಚ್ಚಿ ಅನ್ನಲ್ಲ. ಅವಳಿಗೆ ಅಜೆಲಾಯಿಕ್ ಆಸಿಡ್ ಬಗ್ಗೆ ಡಾಕ್ಟರ್ ಹತ್ರ ಕೇಳು ಅಂದೆ, ಅದು ಮೊಡವೆಗೂ ಕಲೆಗೂ ಆಗತ್ತೆ, ಬಸುರಿಯಲ್ಲೂ ಹಚ್ಚಬಹುದು.

ಇನ್ನೊಬ್ಬ ತಂಗಿ ಇದಾಳೆ, ವರಸೆಯಲ್ಲಿ. ಅವಳ ಮುಖ ನೋಡಿ ನನಗೆ ನಿಜವಾಗ್ಲೂ ಸಂಕಟ ಆಯ್ತು. ಕೆನ್ನೆ ಕೆಂಪು, ನರಗಳು ಎಳೆಎಳೆಯಾಗಿ ಕಾಣ್ತಿವೆ, ಬಿಸಿಲಿಗೆ ಹೋದ್ರೆ ಬೆಂಕಿ ಇಟ್ಟ ಹಾಗೆ ಅಂತಾಳೆ. ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡ ಕ್ರೀಮಂತೆ, ಒಂದು ವಾರದಲ್ಲಿ ಬೆಳ್ಳಗಾದ್ಲಂತೆ, ನಿಲ್ಲಿಸಿದ್ರೆ ಮುಖ ತುಂಬಾ ಗುಳ್ಳೆ, ಅದಕ್ಕೇ ಹಚ್ತಾನೇ ಇದಾಳೆ. ಟ್ಯೂಬ್ ತರಿಸಿ ಓದಿದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಮೆಲಾಸ್ಮಾಕ್ಕೆ (ಮುಖದ ಮೇಲೆ ಬರೋ ಕಂದು ಬಂಗು) ಡಾಕ್ಟರ್ ಕಣ್ಣಳತೆಯಲ್ಲಿ ಕೆಲವೇ ವಾರ ಹಚ್ಚೋ ಔಷಧಿ, ನಮ್ಮಲ್ಲಿ ಫೇರ್‌ನೆಸ್ ಕ್ರೀಮ್ ಥರ ಕೈಯಿಂದ ಕೈಗೆ ಹೋಗತ್ತೆ. ಸ್ಕಿನ್ ಡಾಕ್ಟರುಗಳು ಇದರ ವಿರುದ್ಧ ವರ್ಷಗಟ್ಟಲೆ ಕೂಗಾಡಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸ್ತು, ಅಂದ್ರೆ ಚೀಟಿ ಇಲ್ದೆ ಮಾರೋ ಹಾಗಿಲ್ಲ. ತಂಗಿಗೆ ಒಮ್ಮೆಲೇ ನಿಲ್ಲಿಸಬೇಡ, ನಾಳೆಯೇ ಡಾಕ್ಟರ್ ಹತ್ರ ಹೋಗು, ಅವರು ಹಂತಹಂತವಾಗಿ ಬಿಡಿಸ್ತಾರೆ ಅಂದೆ. ಈಗ ತೋರಿಸ್ಕೊಳ್ತಿದಾಳೆ. ನಿಮ್ಮ ಮನೆಯಲ್ಲಿ ಯಾರದಾದ್ರೂ ಟ್ಯೂಬ್ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತ ಇದ್ರೆ ಇವತ್ತೇ ಎತ್ತಿ ನೋಡಿ.

ಏಪ್ರಿಲ್, ಮೇ

ಎರಡು ರಾತ್ರಿಗೊಮ್ಮೆ ಜೆಲ್, ಉರಿ ಇಲ್ಲ. ಈ ಬಿಸಿಲಲ್ಲಿ ಪೂರ್ತಿ ಶ್ರಮ ಸನ್‌ಸ್ಕ್ರೀನ್‌ಗೇ ಹೋಯ್ತು. ಕೆಲವು ಸನ್‌ಸ್ಕ್ರೀನ್ ಬೆವರಿನ ಜೊತೆ ಕಣ್ಣಿಗೆ ಇಳಿದು ಹೆಲ್ಮೆಟ್ ಒಳಗೆ ನೀರು ಸುರಿಸತ್ತೆ, ಜಿಂಕ್ ಆಕ್ಸೈಡ್ ಇರೋದು ಉರಿಯಲ್ಲ ಆದ್ರೆ ಬೂದಿ ಬಳಿದ ಹಾಗೆ ಕಾಣತ್ತೆ. ಕೊನೆಗೆ ಚರ್ಮದ ಬಣ್ಣ ಬೆರೆಸಿರೋ ಟಿಂಟೆಡ್ ತಗೊಂಡೆ. ಅದರಲ್ಲಿ ಐರನ್ ಆಕ್ಸೈಡ್ ಇರತ್ತೆ, ಅದು ಬರೀ ಬಣ್ಣಕ್ಕೆ ಅಂದ್ಕೋಬೇಡಿ, ಕಂದು ಚರ್ಮದಲ್ಲಿ ಯುವಿ ಅಷ್ಟೇ ಅಲ್ಲದೆ ಕಣ್ಣಿಗೆ ಕಾಣೋ ಬೆಳಕೂ ಕಲೆಯನ್ನ ಗಾಢ ಮಾಡತ್ತೆ, ಆ ಬೆಳಕನ್ನ ತಡೆಯೋದು ಐರನ್ ಆಕ್ಸೈಡ್. ಎಸ್‌ಪಿಎಫ್ 50, ಎರಡು ಬೆರಳುದ್ದ, ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗೋ ಮುಂಚೆ ಇನ್ನೊಂದು ಸಲ.

ಜುಲೈ

ದವಡೆ ಮೇಲೆ ಹೊಸ ಮೊಡವೆ ಅಪರೂಪ, ಹಳೇ ಕಲೆಗಳು ಅದೇ ಕಿಟಕಿ ಬೆಳಕಲ್ಲಿ ತೆಗೆದ ಫೋಟೋದಲ್ಲಿ ಅರ್ಧಕ್ಕರ್ಧ ತಿಳಿಯಾಗಿವೆ. ಎಡಗೆನ್ನೆಯ ಎರಡು ಸಣ್ಣ ಗುಂಡಿ ಹಾಗೇ ಇವೆ, ಗುಂಡಿ ಬಿದ್ದ ಕಲೆಗೆ ಕ್ರೀಮ್ ಸಾಲಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ರು.

ಬೇರೆ ಸೀರಮ್‌ಗಳಲ್ಲಿ ಒಂದೊಂದನ್ನೇ, ಮಧ್ಯೆ ಅಂತರ ಬಿಟ್ಟು ನೋಡಿದೆ. ನಿಯಾಸಿನಮೈಡ್ 10% ಹಚ್ಚಿದ ತಕ್ಷಣ ಮುಖ ಬಿಸಿಬಿಸಿ, 5%ಗೆ ಏನೂ ಆಗಲ್ಲ, ಅದೇ ಸಾಕು. ವಿಟಮಿನ್ ಸಿ ನನಗೆ ಬೇಡ, ಅದರ ಅಸಲಿ ರೂಪ ಎಲ್-ಆಸ್ಕಾರ್ಬಿಕ್ ಆಸಿಡ್ ಚರ್ಮದೊಳಗೆ ಇಳಿಯೋಕೆ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ನನ್ನ ಕೆನ್ನೆ ಅದನ್ನ ತಡೆಯಲ್ಲ. ಈಗ ಜೆಲ್ ಇಲ್ಲದ ರಾತ್ರಿಗಳಲ್ಲಿ 10% ಅಜೆಲಾಯಿಕ್ ಆಸಿಡ್ ಶುರು ಮಾಡಿದೀನಿ, ಮೊದಲ ಐದು ನಿಮಿಷ ಇರುವೆ ಹರಿದ ಹಾಗೆ ತುರಿಕೆ, ಕೆಂಪಾಗಲ್ಲ, ಆಮೇಲೆ ಸುಮ್ಮನಾಗತ್ತೆ.

ಟ್ರೆಟಿನಾಯಿನ್ 0.025%ಗೆ ಯಾವಾಗ ಹೋಗ್ತೀಯಾ ಅಂತ ಕೇಳ್ತಿದಾರೆ. ಹೋಗಲ್ಲ. ಮೊಡವೆ ನಿಂತಿದೆ, ಕಲೆ ಇಳೀತಿದೆ, ಮುಖ ಉರೀತಿಲ್ಲ, ಇದಕ್ಕಿಂತ ಜೋರಾಗಿರೋದು ಯಾಕೆ ಬೇಕು. ನವೆಂಬರ್‌ನಲ್ಲಿ ಚಳಿ ಬಿದ್ದ ತಕ್ಷಣ ವಾರಕ್ಕೆ ಎರಡು ರಾತ್ರಿಗೆ ಇಳಿಸ್ತೀನಿ, ಅಲ್ಲೀವರೆಗೆ ಈಗಿರೋ ಹಾಗೇ.