ಐದೇ ಸ್ವರವಲ್ಲವೇ, ಅದಕ್ಕೆ ಇಷ್ಟೆಲ್ಲ ತಾಲೀಮು ಯಾಕೆ?

ಇಂಗ್ಲೆಂಡಿನ ಊರ ಬ್ರಾಸ್ ಬ್ಯಾಂಡ್ ಸೇರಿಕೊಂಡಿರುವ ನಮ್ಮಂಥವರಿಗೆ ನವೆಂಬರ್ ಬಂತೆಂದರೆ ಕನ್ನಡದ ಗೆಳೆಯರಿಂದ ಈ ಪ್ರಶ್ನೆ ತಪ್ಪಿದ್ದಲ್ಲ. ಆ ತಿಂಗಳ ಎರಡನೇ ಭಾನುವಾರ ಯುದ್ಧಸ್ಮಾರಕದ ಮುಂದೆ ಊರು ಸೇರುತ್ತದೆ. ಒಬ್ಬರು ಕಾರ್ನೆಟ್‌ನಲ್ಲಿ, ಅಂದರೆ ಚಿಕ್ಕ ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯದಲ್ಲಿ, ‘ಲಾಸ್ಟ್ ಪೋಸ್ಟ್’ ಊದುತ್ತಾರೆ, ಎರಡು ನಿಮಿಷ ಮೌನ, ಆಮೇಲೆ ಸೈನಿಕರನ್ನು ಎಬ್ಬಿಸುವ ಕರೆಯಾದ ‘ರಿವ್ಯಾಲಿ’. ನಮ್ಮಲ್ಲಿ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನ ಬ್ಯೂಗಲ್‌ನಲ್ಲಿ ಕೇಳುವ ಕರೆಯೇ ಈ ಲಾಸ್ಟ್ ಪೋಸ್ಟ್. ಒಬ್ಬರು ಊದುವುದಕ್ಕೆ ಸೆಪ್ಟೆಂಬರಿನಿಂದ ತಾಲೀಮು ಯಾಕೆ, ಸುತ್ತ ಇಪ್ಪತ್ತೈದು ಜನ ಯಾಕೆ ಎಂದು ಕೇಳುತ್ತಾರೆ.

ಊದುವುದು ಅಷ್ಟೇನೂ ಕಷ್ಟವಲ್ಲ. ಚಳಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು, ಹೇಳಿದ ಸೆಕೆಂಡಿಗೆ, ಒಂದೇ ಸಲಕ್ಕೆ ಸರಿಯಾಗಿ ಊದುವುದು ಕಷ್ಟ. ತಾಲೀಮು ನಡೆಯುವುದು ಅದಕ್ಕೆ.

ಬ್ಯೂಗಲ್ ಕರೆಗಳ ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ಪ, ಮೇಲಿನ ಸ, ಅದರ ಮೇಲಿನ ಗ, ಪ. ತಂಬೂರಿಯ ಮಂದ್ರ ಷಡ್ಜದಲ್ಲಿ ತಾನಾಗಿ ಕೇಳಿಬರುವ ಗಾಂಧಾರವೇ ಇಲ್ಲಿನ ಗ. ಪಿಯಾನೋದ್ದಕ್ಕಿಂತ ಸ್ವಲ್ಪ ಇಳಿದೇ ಇರುತ್ತದೆ, ಅದನ್ನು ತಿದ್ದಲು ಹೋಗಬಾರದು. ಕಾರ್ನೆಟ್‌ನ ಮೂರು ವಾಲ್ವ್‌ಗಳನ್ನೂ ಮುಟ್ಟದೆ ಊದುವುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ತುಟಿಯ ಬಿಗಿ ಮತ್ತು ಉಸಿರು ಬಿಟ್ಟರೆ ಬೇರೆ ಆಸರೆ ಇಲ್ಲ. ಮರಗಟ್ಟಿದ ತುಟಿ ಒಂದಿಷ್ಟು ಅಳತೆ ತಪ್ಪಿದರೆ ಸ್ವರ ಪಕ್ಕದ್ದಕ್ಕೆ ಜಾರಿ ಒಡೆಯುತ್ತದೆ. ಹೆಚ್ಚು ಜನ ಮೇಲಿನ ಸ್ವರಕ್ಕೆ ಹೆದರುತ್ತಾರೆ. ನಿಜವಾಗಿ ಕೈಕೊಡುವುದು ಮೊಟ್ಟಮೊದಲ ಕೆಳಗಿನ ಸ. ಮೆಲ್ಲಗೆ ಶುರುಮಾಡಲು ಹೋದರೆ ಬರೀ ಗಾಳಿ ಹೊರಡುತ್ತದೆ. ಅದನ್ನು ಧೈರ್ಯವಾಗಿ, ಉಸಿರು ತುಂಬಿ ಹಿಡಿಯಬೇಕು.

ಚಳಿಯ ಕಾಟ ವಾದ್ಯಕ್ಕೂ ಇದೆ. 20 ಡಿಗ್ರಿಯ ಕೋಣೆಯಿಂದ 5 ಡಿಗ್ರಿಯ ಬಯಲಿಗೆ ಬಂದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್‌ನಿಂದ ಸುಮಾರು 334ಕ್ಕೆ ಇಳಿಯುತ್ತದೆ. ಪೂರ್ತಿ ತಣ್ಣಗಾದ ಕೊಳವೆಯಲ್ಲಿ ಶ್ರುತಿ ಅರ್ಧ ಸೆಮಿಟೋನಿನ (ಪಿಯಾನೋದ ಅಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಹತ್ತಿರ ಕುಸಿಯುತ್ತದೆ. ಅದಕ್ಕೇ ಮೌತ್‌ಪೀಸನ್ನು ಕೊನೆಯ ಗಳಿಗೆಯವರೆಗೆ ಮುಷ್ಟಿಯಲ್ಲೋ ಒಳಜೇಬಿನಲ್ಲೋ ಇಟ್ಟುಕೊಳ್ಳುತ್ತೇವೆ. ಕರೆಗೆ ಎರಡು ನಿಮಿಷ ಮುಂಚೆ ಅದನ್ನು ಸಿಕ್ಕಿಸಿ, ತುಟಿ ನಡುಗಿಸದೆ, ಸದ್ದಿಲ್ಲದೆ ಬಿಸಿಯುಸಿರನ್ನು ಕೊಳವೆಗೆ ಬಿಡುತ್ತೇವೆ. ಆ ಉಸಿರು ಒಳಗೆ ನೀರಾಗಿ ಕೂಡುತ್ತದೆ. ನೀರಿನ ಕೀಲಿ ತೆರೆದು ಹೊರಬಿಡದಿದ್ದರೆ ಮೊದಲ ಸ್ವರವೇ ಗೊಳಗೊಳ ಎನ್ನುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮೌನದ ಎರಡು ನಿಮಿಷದ್ದು. ಆಗ ಊದುವಂತಿಲ್ಲ, ವಾದ್ಯ ಮತ್ತೆ ತಣ್ಣಗಾಗುತ್ತದೆ, ಕೂಡಲೇ ರಿವ್ಯಾಲಿ. ಕಾರ್ನೆಟ್ಟನ್ನು ಕೋಟಿನೊಳಗೆ ಎದೆಗೊತ್ತಿ ಹಿಡಿಯುವುದೊಂದೇ ದಾರಿ. ಕೀಲಿ ಒತ್ತಬಹುದು, ಆದರೆ ನೀರನ್ನು ಊದಿ ತೆಗೆಯಬೇಡಿ. ಆ ನಿಶ್ಶಬ್ದದಲ್ಲಿ ಅದು ಬೀದಿಯ ಕೊನೆಗೂ ಕೇಳುತ್ತದೆ.

ಹಾಗಾಗಿ ತಾಲೀಮು ಬೆಚ್ಚಗಿನ ಹಾಲ್‌ನಲ್ಲಿ ಹತ್ತು ಸಲ ಊದುವುದಲ್ಲ. ಹೊರಗೆ ಅರ್ಧ ಗಂಟೆ ವಾದ್ಯ ಮುಟ್ಟದೆ ನಿಂತು, ಒಂದೇ ಸಲ ಊದಿ, ಒಳಗೆ ಬರುವುದು. ಒಡೆದರೂ ಮತ್ತೆ ಊದುವಂತಿಲ್ಲ. ಸ್ಮಾರಕದ ಮುಂದೆಯೂ ಹಾಗೆಯೇ: ಸ್ವರ ತಪ್ಪಿದರೆ ನಿಲ್ಲಿಸಿ ಮೊದಲಿನಿಂದ ಶುರುಮಾಡಬಾರದು, ಮುಂದಕ್ಕೆ ಹೋಗಬೇಕು. ಯಾಕೆಂದರೆ ಧ್ವಜ ಹಿಡಿದವರು ಲಾಸ್ಟ್ ಪೋಸ್ಟಿಗೆ ಧ್ವಜ ತಗ್ಗಿಸುತ್ತಾರೆ, ರಿವ್ಯಾಲಿಗೆ ಎತ್ತುತ್ತಾರೆ. ಅವರಲ್ಲಿ ಎಷ್ಟೋ ಜನ ವಯಸ್ಸಾದವರು. ಕರೆ ಎಳೆದಷ್ಟೂ ಅವರ ತೋಳು ಸೋಲುತ್ತದೆ.

ಇನ್ನು ಗಡಿಯಾರ. ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ರ ಬೆಳಗ್ಗೆ 11ಕ್ಕೆ. (ಮೈಸೂರು, ಜೋಧಪುರದ ಲ್ಯಾನ್ಸರ್ ಕುದುರೆಪಡೆಗಳು ಈಗಿನ ಇಸ್ರೇಲಿನ ಹೈಫಾ ಗೆದ್ದದ್ದು ಅದಕ್ಕೆ ಸರಿಯಾಗಿ ಏಳು ವಾರ ಮುಂಚೆ, ಇಲ್ಲಿ ನಿಂತಾಗ ಅವರೂ ನೆನಪಾಗುತ್ತಾರೆ.) 1919ರಿಂದ ಮೌನ ಆ ಗಂಟೆಗೇ. ಲಂಡನ್ನಿನ ರಾಷ್ಟ್ರೀಯ ಯುದ್ಧಸ್ಮಾರಕ ಸೆನೊಟಾಫ್‌ನಲ್ಲಿ ಮೌನ ಮೊದಲು, ಲಾಸ್ಟ್ ಪೋಸ್ಟ್ ಆಮೇಲೆ. ಊರುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಕರೆಗೆ ಸುಮಾರು ಒಂದೂಕಾಲು ನಿಮಿಷ ಬೇಕು. ಹನ್ನೊಂದಕ್ಕೆ ಒಂದೂವರೆ ನಿಮಿಷ ಇರುವಾಗ ಶುರುವಾದರೆ ಉಸಿರಾಡಲು ಜಾಗ ಉಳಿಯುತ್ತದೆ. ಚರ್ಚಿನ ಗಡಿಯಾರವನ್ನು ಹಿಂದಿನ ವಾರವೇ ಫೋನಿನ ಸಮಯದೊಂದಿಗೆ ಹೋಲಿಸಿ ನೋಡಿ, ಮೌನ ಅದರ ಹನ್ನೊಂದು ಹೊಡೆತಗಳಲ್ಲಿ ಮೊದಲನೆಯದಕ್ಕೋ ಕೊನೆಯದಕ್ಕೋ ಎಂದು ಪರೇಡ್ ಮಾರ್ಷಲ್‌ರಿಂದ ಬರೆಸಿಕೊಳ್ಳಬೇಕು. ಎರಡು ನಿಮಿಷವನ್ನು ಮನಸ್ಸಿನಲ್ಲಿ ಎಣಿಸುವವರು ಆತಂಕಕ್ಕೆ ಬೇಗ ಎಣಿಸಿಬಿಡುತ್ತಾರೆ; ಕೈಗಡಿಯಾರವೇ ಇರಲಿ. ಅಚ್ಚಾದ ಪಟ್ಟಿಯಲ್ಲಿ ‘ರಿವ್ಯಾಲಿ’ ಎಂದಿದ್ದರೂ ಊದುವುದು ಹೆಚ್ಚಾಗಿ ‘ರೌಸ್’ ಎಂಬ ಬೇರೆ ಕರೆ. ಹೊಸಬರು ಹೆಸರು ನಂಬಿ ಬೇರೆ ಹಾಳೆ ಕಲಿತು ಬರುವುದುಂಟು.

ಬ್ಯಾಂಡಿನ ಮಿಕ್ಕವರ ಕೆಲಸ ಆಮೇಲಿನದು, ಜನ ಹಾಡುವ ಭಕ್ತಿಗೀತೆಗಳಿಗೆ ನುಡಿಸುವುದು. ಕರೆ ಮುಗಿದ ಮೇಲೆ ನಾಗಾಲ್ಯಾಂಡಿನ ಕೊಹಿಮಾ ಸ್ಮಾರಕದಲ್ಲಿ ಕೆತ್ತಿರುವ ಸಾಲುಗಳನ್ನು ಒಬ್ಬರು ಓದುತ್ತಾರೆ. ನಿರ್ದೇಶಕರು ಅವಸರದಲ್ಲಿ ಕೋಲೆತ್ತಿದರೆ ಆ ಸಾಲು ಭಕ್ತಿಗೀತೆಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅಷ್ಟರಲ್ಲಿ ಎಲ್ಲರ ಶ್ರುತಿಯೂ ಚೆಲ್ಲಾಪಿಲ್ಲಿ. ಒಂದೂವರೆ ಮೀಟರ್‌ಗಿಂತ ಚಿಕ್ಕದಾದ ಕಾರ್ನೆಟ್ ಕೊಳವೆ ನಾಲ್ಕು ಉಸಿರಿಗೆ ಬೆಚ್ಚಗಾಗುತ್ತದೆ. ಬ್ಯಾಂಡಿನ ಅತಿ ದೊಡ್ಡ ಊದುವಾದ್ಯವಾದ ಬಿ ಫ್ಲಾಟ್ ಬೇಸ್‌ನ ಐದೂವರೆ ಮೀಟರ್ ಕೊಳವೆ ಅಷ್ಟು ಬೇಗ ಬೆಚ್ಚಗಾಗುವುದಿಲ್ಲ. ಮೊದಲ ಗೀತೆ ಮಧ್ಯಮ ಸ್ಥಾಯಿಯದ್ದಾಗಿದ್ದರೆ, ಮೆಲುದನಿಯಲ್ಲಿ ಶುರುವಾದರೆ ಬಚಾವ್. ಎಷ್ಟು ಚರಣ ಎಂಬುದನ್ನು ಜನರ ಕೈಲಿರುವ ಹಾಳೆಯಲ್ಲೇ ನೋಡಿಕೊಳ್ಳಿ. ನಾಲ್ಕು ಹಾಡಿ ಅವರು ಪುಸ್ತಕ ಮುಚ್ಚಿದ ಮೇಲೆ ಐದನೆಯದನ್ನು ಬ್ಯಾಂಡ್ ಒಂಟಿಯಾಗಿ ಊದುವುದು ಆ ಜಾಗಕ್ಕೆ ಶೋಭೆಯಲ್ಲ.

ಹಿಂದಿನ ಸಂಜೆಯ ಸಹಾಯಾರ್ಥ ಕಛೇರಿಯೂ ಇದಕ್ಕೆ ತಗುಲಿಕೊಂಡಿದೆ. ನಲವತ್ತೈದು ನಿಮಿಷದ ಎರಡು ಭಾಗ ಊದಿದ ತುಟಿ ಬೆಳಗಾಗುವಷ್ಟರಲ್ಲಿ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿ ಕರೆ ಊದುವವರನ್ನು ಶನಿವಾರ ಮುಂದಿನ ಸಾಲಿನಿಂದ ತುಟಿಗೆ ಹಗುರಾದ ಮೂರನೇ ಕಾರ್ನೆಟ್ ಭಾಗಕ್ಕೆ ಕೂರಿಸುತ್ತೇವೆ. ಹಣದ ವಿಷಯದಲ್ಲಿ ಒಂದೇ ಮಾತು: ನೋಂದಾಯಿತ ದತ್ತಿ ಸಂಸ್ಥೆಗಾಗಿ ನಡೆಸುವುದಾದರೆ ಟಿಕೆಟ್ ಬದಲು ಉಚಿತ ಪ್ರವೇಶವಿಟ್ಟು ದೇಣಿಗೆಯ ಲಕೋಟೆ ಹಂಚುವುದು ಒಳ್ಳೆಯದು. ಟಿಕೆಟ್ಟಿನ 10 ಪೌಂಡ್ 10 ಪೌಂಡೇ. ತೆರಿಗೆ ಕಟ್ಟುವವರು ಗಿಫ್ಟ್ ಏಡ್ (ದೇಣಿಗೆಯ ಮೇಲಿನ ತೆರಿಗೆಯನ್ನು ಸರ್ಕಾರ ಸಂಸ್ಥೆಗೆ ಕೊಡುವ ಯೋಜನೆ) ಘೋಷಣೆಗೆ ಸಹಿ ಹಾಕಿ ಕೊಟ್ಟ 10 ಪೌಂಡ್ ದೇಣಿಗೆ ಸಂಸ್ಥೆಗೆ 12.50 ಆಗುತ್ತದೆ.

ಭಾನುವಾರ ಇನ್ನೊಬ್ಬ ಕಾರ್ನೆಟ್ ವಾದಕರೂ ಅದೇ ಕರೆ ಕಲಿತು, ಮೌತ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು, ಸ್ಮಾರಕದಿಂದ ಎರಡು ಮಾರು ದೂರ ನಿಂತಿರುತ್ತಾರೆ. ಊದಬೇಕಾದವರಿಗೆ ಜ್ವರ ಬಂದಿದ್ದರೆ, ಅವರ ವಾಲ್ವ್ ಕಚ್ಚಿಕೊಂಡಿದ್ದರೆ, 10 ಗಂಟೆ 58 ನಿಮಿಷಕ್ಕೆ ಮುಂದೆ ಬರುವವರು ಇವರು.